ಅಪಘಾತ ಆದ ಮ್ಯಾಲೆ ಕಾರಿನ ‘ಕಪ್ಪು ಡಬ್ಬಿ’ ಯಾರ ಕೈಗೆ? ಒಪ್ಪಿಗೆ ಪತ್ರಕ್ಕ ಸಹಿ ಮಾಡಬೇಕೋ ಬ್ಯಾಡೋ?

ಆಲಮಟ್ಟಿ_ಹಿನ್ನೀರು
ನಮಸ್ಕಾರ್ರಿ ಎಲ್ಲಾರಿಗೂ. ಕಬ್ಬಿನ ಹಂಗಾಮು ಚಾಲೂ ಆತಂದ್ರ ಮುಧೋಳ, ಜಮಖಂಡಿ, ಬೀಳಗಿ ಕಡೆ ರಾತ್ರಿ ಗಾಡಿ ಹೊಡಿಯೂದು ಅಂದ್ರ ಏನಂತ ಇಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿಕ್ಕಿ ಆದ ಮ್ಯಾಲೆ ಜಗಳ ಒಂದ ನಮೂನಿ: ಕಾರಿನವ ಜೋರ್ ಇದ್ದ ಅಂತ ಅವರು, ಟ್ರೇಲರಿಗೆ ಲೈಟ ಇರಲಿಲ್ಲ ಅಂತ ಇವರು. ಈಗಿನ ಕಾರಿನೊಳಗ ಡಿಕ್ಕಿಯ ಲೆಕ್ಕ ಬರಕೊಳ್ಳೋ ಯಂತ್ರ ಇರತೈತಿ ಅಂತ ಕೇಳೀನಿ. ಹಂಗಾರ ನನ್ನ ಪ್ರಶ್ನೆ ಮೂರು.

ನಮ್ಮ ಕಡೆ ಮಾರೋ ಕಾರಿನಾಗ ಅದು ಖರೇನ ಇರತೈತೇನು? ಎಲ್ಲಿ ಹೋಗಿದ್ವಿ, ಒಳಗ ಏನ್ ಮಾತಾಡಿದ್ವಿ ಅನ್ನೂದೂ ಅದರಾಗ ಕೂಡತೈತೇನು? ವಿಮಾದವರು ‘ವಾಹನದ ಎಲೆಕ್ಟ್ರಾನಿಕ್ ದಾಖಲೆ ಓದಲು ಒಪ್ಪಿಗೆ’ ಅಂತ ಕಾಗದ ಮುಂದಿಟ್ರ ಸಹಿ ಹಾಕಬೇಕೋ, ಕೈ ಕಟ್ಟಿ ಕುಂಡ್ರಬೇಕೋ?

ಉದ್ಯಮಬಾಗ_ಸ್ಪ್ಯಾನರ್
ಮೊದಲನೇದಕ್ಕ ಉತ್ತರ: ಏರ್‌ಬ್ಯಾಗ್ ಇದ್ದಲ್ಲಿ ಏರ್‌ಬ್ಯಾಗ್ ಮಾಡ್ಯೂಲ್ (ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕಂತ ನಿರ್ಧಾರ ಮಾಡೋ ಡಬ್ಬಿ) ಇರಲೇಬೇಕು. ಡ್ರೈವರ್ ಏರ್‌ಬ್ಯಾಗ್ 2019ರ ಜುಲೈದಿಂದ ಕಡ್ಡಾಯ ಆಗೇತಿ. ಆ ಮಾಡ್ಯೂಲ್ ಗೇರ್ ಲಿವರ್ ಮುಂದ, ಸೆಂಟರ್ ಕನ್ಸೋಲ್ ಕೆಳಗ, ನಡುವಿನ ಟನಲ್ ಮ್ಯಾಲೆ ಮೂರೋ ನಾಲ್ಕೋ ಬೋಲ್ಟಿನ ಮ್ಯಾಲೆ ಗಟ್ಟಿಯಾಗಿ ಕುಂತಿರತೈತಿ. ಮ್ಯಾಲೆ ಒಂದು ಬಾಣದ ಗುರುತು, ಗಾಡಿ ಮುಂಭಾಗಕ್ಕ ಮುಖ ಮಾಡಿ. ಕನೆಕ್ಟರ್ ಹಳದಿ. ಹಳದಿ ಕನೆಕ್ಟರ್ ಕಂಡ್ರ ಕೈ ಹಿಂದ ತಗೀರಿ, ಅದು ಏರ್‌ಬ್ಯಾಗ್ ಲೈನು.

ಇಡಿಆರ್ (ಈವೆಂಟ್ ಡೇಟಾ ರೆಕಾರ್ಡರ್) ಅಂತ ಬ್ಯಾರೆ ಡಬ್ಬಿ ಬಹುತೇಕ ಕಾರಿನಾಗ ಇರೂದಿಲ್ಲ. ಈ ಮಾಡ್ಯೂಲಿನ ಮೆಮೊರಿ ಚಿಪ್ಪಿನಾಗ ಒಂದಿಷ್ಟು ಜಾಗ ಡಿಕ್ಕಿ ಲೆಕ್ಕಕ್ಕ ಮೀಸಲಿರತೈತಿ, ಅದಕ್ಕ ಇಡಿಆರ್ ಅನ್ನೂದು. ನಿಮ್ಮ ಗಾಡಿಯಾಗ ಆ ಸೌಲಭ್ಯ ಚಾಲೂ ಐತೋ ಇಲ್ಲೋ ನೋಡಾಕ ಓನರ್ಸ್ ಮ್ಯಾನ್ಯುವಲ್ ತಗೀರಿ. ಏರ್‌ಬ್ಯಾಗ್ ಅಧ್ಯಾಯದ ಕೊನಿಗೋ, ಪುಸ್ತಕದ ಕಡೇ ಪುಟಗಳಾಗೋ ‘ಈವೆಂಟ್ ಡೇಟಾ ರೆಕಾರ್ಡರ್’ ಅಂತ ಅರ್ಧ ಪುಟ ಬರದಿರತಾರ. ಯಾರೂ ಓದೂದಿಲ್ಲ.

ಕುಂದಾ_ಪ್ರಿಯ
ಕಪ್ಪು ಡಬ್ಬಿ ಅಂತೀರಿ, ತಳ ನೋಡಿದ್ರ ಬೆಳ್ಳನ್ನ ಅಲ್ಯುಮಿನಿಯಂ 😄

ಬಿಟ್ಟು_ಬೈಟು
ಎರಡನೇ ಪ್ರಶ್ನೆಗೆ: ಇಲ್ಲ, ಮಾತು ರೆಕಾರ್ಡ್ ಆಗೂದಿಲ್ಲ. ಇಡಿಆರ್‌ಗೆ ಮೈಕ್ ಇಲ್ಲ. ಅಮೆರಿಕದ ನಿಯಮ ‘ಪಾರ್ಟ್ 563’ ಕೇಳೋ ಪಟ್ಟಿಯೊಳಗೆ ಜಿಪಿಎಸ್ ಜಾಗ ಇಲ್ಲ, ತಾರೀಖು-ಗಂಟೆಯೂ ಇಲ್ಲ. ಇರೋದು ಇಷ್ಟು: ಡಿಕ್ಕಿಗೆ ಮುಂಚಿನ 5 ಸೆಕೆಂಡಿನ ವೇಗ, ಆಕ್ಸಿಲರೇಟರ್ ಎಷ್ಟು ಒತ್ತಿತ್ತು, ಬ್ರೇಕ್ ಆನೋ ಆಫೋ, ಡ್ರೈವರ್ ಬೆಲ್ಟ್ ಹಾಕಿದ್ದನೋ, ಏರ್‌ಬ್ಯಾಗ್ ಎಷ್ಟು ಮಿಲಿಸೆಕೆಂಡಿಗೆ ಬಿಚ್ಚಿತು, ಡಿಕ್ಕಿಯಲ್ಲಿ ವೇಗ ಎಷ್ಟು ಕುಸಿಯಿತು (ಇದಕ್ಕೆ ಡೆಲ್ಟಾ-ವಿ ಅಂತಾರೆ), ಮತ್ತೆ ಕೀಲಿ ತಿರುವಿದ ಎಣಿಕೆ. ತಾರೀಖು ಇಲ್ಲದ್ದರಿಂದ ಈ ಕೀಲಿ ಎಣಿಕೆಯೇ ಮುಖ್ಯ. ಡಿಕ್ಕಿ ಹೊತ್ತಿನ ಎಣಿಕೆ, ಓದುವಾಗಿನ ಎಣಿಕೆ ಎರಡೂ ಬರತಾವೆ. ನಡುವೆ 3 ಇದ್ದರೆ ಇದೇ ಡಿಕ್ಕಿ ಅನ್ನಬಹುದು, 900 ಇದ್ದರೆ ಅದು ಹಳೇ ಕಥೆ.

ಎಲ್ಲ ಹೊತ್ತಿನದನ್ನೂ ಉಳಿಸಿಕೊಳ್ಳೂದಿಲ್ಲ. ಹಳೇದನ್ನ ಅಳಿಸಿ ಹೊಸದನ್ನ ಇಟ್ಟುಕೊಳ್ಳುತ್ತಾ ಹೋಗ್ತದೆ. 150 ಮಿಲಿಸೆಕೆಂಡಿನೊಳಗೆ ವೇಗ 8 ಕಿ.ಮೀ. ಕುಸಿದರೆ ಮಾತ್ರ ಆ ಹಿಂದಿನ 5 ಸೆಕೆಂಡು ಗಟ್ಟಿಯಾಗಿ ಉಳೀತದೆ. ಏರ್‌ಬ್ಯಾಗ್ ಬಿಚ್ಚಿದರೆ ಆ ದಾಖಲೆಗೆ ಬೀಗ. ಬಿಚ್ಚದಿದ್ದರೆ ಮುಂದಿನ ಡಿಕ್ಕಿ ಅದರ ಮೇಲೇ ಬರೆಯಬಹುದು.

2024ರ ಡಿಸೆಂಬರಿನಲ್ಲಿ ಅಮೆರಿಕದವರು ನಿಯಮ ಬದಲಿಸಿ 5 ಸೆಕೆಂಡನ್ನ 20 ಮಾಡಿದಾರೆ, ಸೆಕೆಂಡಿಗೆ 2 ಸಲ ಇದ್ದದ್ದು 10 ಸಲ. ಯುರೋಪಿನಲ್ಲಿ 2024ರ ಜುಲೈಯಿಂದ ಮಾರೋ ಎಲ್ಲ ಹೊಸ ಕಾರಿಗೂ ಇಡಿಆರ್ ಕಡ್ಡಾಯ, ಆದರೆ ಚಾಸಿ ನಂಬರಿನ ಕಡೇ 4 ಅಂಕಿ ಅದರಲ್ಲಿ ಇರಕೂಡದು. ಯಾರ ಗಾಡಿ ಅಂತ ಗೊತ್ತಾಗಬಾರದು ಅಂತ.

ಕಬ್ಬಿನ_ಗಾಡಿ
ಎಲ್ಲಾರೂ ಟ್ರೇಲರಿನವನ್ನ ಬೈಯಾಕ ತಯಾರ ಇರತೀರಿ. ಕಾರಿನವ ನೂರರಾಗ ಬಂದು ಗುದ್ದಿ ‘ಕಾಣಲಿಲ್ಲ’ ಅಂದ್ರ ಮುಗೀತು. ಆ ಡಬ್ಬಿ ಓದಲಿ ಬಿಡ್ರಿ, ಬಣ್ಣ ಬಯಲಾಗಲಿ. ತಪ್ಪಿಲ್ಲದವಗ ಹೆದರಿಕಿ ಯಾಕ?

ಉದ್ಯಮಬಾಗ_ಸ್ಪ್ಯಾನರ್
@ಕಬ್ಬಿನ_ಗಾಡಿ ಅಣ್ಣಾರ, ನಿಮ್ಮ ಟ್ರ್ಯಾಕ್ಟರಿಗೆ ಏರ್‌ಬ್ಯಾಗೇ ಇಲ್ಲ, ಡಬ್ಬಿ ಎಲ್ಲಿಂದ ಬರಬೇಕು? ಕಾರು ಒಂದ ಬಾಯಿ ಬಿಡತೈತಿ, ಟ್ರೇಲರ್ ಮೂಕ. ಕಾರಿನ ಅಂಕಿ ಅಷ್ಟ ಟೇಬಲ್ ಮ್ಯಾಲೆ ಬಂದು, ಟ್ರೇಲರಿನ ಹಿಂದ ರಿಫ್ಲೆಕ್ಟರ್ ಪಟ್ಟಿ ಇತ್ತೋ ಇಲ್ಲೋ ಅನ್ನೂದು ಯಾರೂ ಬರಕೊಳ್ಳದಿದ್ರ ತೂಕ ಒಂದ ಕಡೆ ವಾಲತೈತಿ.

ಇನ್ನೊಂದು, ಕಾರಿನ ಮೂಗು ಟ್ರೇಲರ್ ಕೆಳಗ ಹೊಕ್ಕಾಗ ಏನಾಗತೈತಿ ಗೊತ್ತೇನ್ರಿ? ಬಂಪರ್, ಅದರ ಹಿಂದಿನ ಕಬ್ಬಿಣದ ಪಟ್ಟಿ, ಮುಂದಿನ ಸೆನ್ಸರ್ ಇವು ಯಾವೂ ಗಟ್ಟಿ ವಸ್ತುವಿಗೆ ಬಡಿಯೂದಿಲ್ಲ. ಬಾನೆಟ್ ತಗಡು ಮಡಚಿಕೋತ ಹೋಗಿ ಗಾಜಿನ ಕಂಬಕ್ಕ ಬಂದ ಮ್ಯಾಲೆ ಗಕ್ಕನ ನಿಲ್ಲತೈತಿ. ವೇಗ ಮೊದಲು ಮೆತ್ತಗ ಇಳದು ಆಮ್ಯಾಲೆ ಒಮ್ಮಿಗೇ ಕುಸೀತೈತಿ. ಹಂಗಾಗಿ ಏರ್‌ಬ್ಯಾಗ್ ತಡ ಆಗಿ ಬಿಚ್ಚಬಹುದು, ಇಲ್ಲಾ ಬಿಚ್ಚದೇನೂ ಇರಬಹುದು. ‘ಏರ್‌ಬ್ಯಾಗ್ ಬಿಚ್ಚಿಲ್ಲ ಅಂದ ಮ್ಯಾಲೆ ಡಿಕ್ಕಿ ಸಣ್ಣದು’ ಅಂತ ಯಾರರೆ ಅಂದ್ರ ಒಪ್ಪಬ್ಯಾಡ್ರಿ. ಬಿಚ್ಚಿಲ್ಲಂದ್ರ ದಾಖಲೆಗೆ ಬೀಗಾನೂ ಬಿದ್ದಿರೂದಿಲ್ಲ, ಅದನ್ನ ಉಳಿಸಿಕೊಳ್ಳಾಕ ಗಡಿಬಿಡಿ ಜಾಸ್ತಿ ಬೇಕು.

ಇಳಕಲ್_ಸೆರಗು
‘ತಪ್ಪಿಲ್ಲದವಗ ಹೆದರಿಕಿ ಯಾಕ’ ಅನ್ನೋ ಮಾತು ಎಲ್ಲಾ ಕಡೆ ಬರ್ತದ, ನನಗಂತೂ ಸೇರೂದಿಲ್ಲ. ಬೆಲ್ಟ್ ಆಫ್ ಅಂತ ಬಂದ್ರ ಗಾಯಾಳುವಿನ ಪರಿಹಾರದಾಗ ಕಡಿತ ಬೀಳ್ತದಲ್ಲ? ಎದುರಿನವನ ತಪ್ಪಿದ್ರೂ?

ಗುಮ್ಮಟದ_ಮಾರ್ದನಿ
ಬೀಳಬಹುದು ತಂಗಿ. ಅದಕ್ಕ ಸಹಭಾಗಿ ನಿರ್ಲಕ್ಷ್ಯ ಅಂತಾರ. ಎದುರಿನವನ ತಪ್ಪು ಇಷ್ಟು, ನಿಮ್ಮದು ಇಷ್ಟು ಅಂತ ಹಂಚಿ, ನಿಮ್ಮ ಪಾಲಿನಷ್ಟು ಕಡಿತಾರ. ಎಂವಿಸಿ (ಅಪಘಾತ ಪರಿಹಾರದ) ಕೇಸಿನಾಗ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಕಾಗಿಲ್ಲ, ಯಾವ ಕಡೆ ಸಂಭವ ಹೆಚ್ಚು ಅನ್ನೂದ ಸಾಕು. ಹಂಗಾಗಿ ಅಂಕಿಗೆ ತೂಕ ಹೆಚ್ಚು. ಇನ್ನೊಂದು ನೆನಪಿಡ್ರಿ, 2022ರ ಏಪ್ರಿಲ್ 1ರಿಂದ ಕ್ಲೇಮ್ ಅರ್ಜಿಗೆ 6 ತಿಂಗಳ ಗಡುವು ಅದ. ಡಬ್ಬಿ ಬಗ್ಗೆ ವಿಚಾರ ಮಾಡ್ಕೋತ ಕೂತು ಆ ಗಡುವು ಕಳಕೋಬ್ಯಾಡ್ರಿ.

ಈಗ ಒಪ್ಪಿಗೆ ಮಾತಿಗೆ ಬರೂಣು. ಅಮೆರಿಕದಾಗ 2015ರಾಗ ಡ್ರೈವರ್ ಪ್ರೈವಸಿ ಆಕ್ಟ್ ಅಂತ ತಂದು, ಇಡಿಆರ್ ದಾಖಲೆ ಗಾಡಿ ಮಾಲಕಂದು ಇಲ್ಲಾ ಲೀಸಿಗೆ ತಗೊಂಡವಂದು ಅಂತ ಬರದಾರ. ಅವರ ಒಪ್ಪಿಗಿ ಇಲ್ಲಾ ಕೋರ್ಟಿನ ಆದೇಶ, ಹಿಂಗ ಎಣಿಸಿದಷ್ಟ ದಾರಿ. ಅಂಥಾ ಕಾಯ್ದೆ ನಮ್ಮಲ್ಲಿಲ್ಲ. ನಮ್ಮಲ್ಲಿರೂದು 2017ರ ಪುಟ್ಟಸ್ವಾಮಿ ತೀರ್ಪು, ಖಾಸಗಿತನ ಮೂಲಭೂತ ಹಕ್ಕು ಅಂತ. ಆಮ್ಯಾಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮ 2025ರ ನವೆಂಬರಿನಾಗ ಬಂದಾವ, ಮುಖ್ಯ ಕಲಮುಗಳಿಗೆ 18 ತಿಂಗಳ ಸಮಯ ಕೊಟ್ಟಾರ. ಒಪ್ಪಿಗಿ ಅಂದ್ರ ಮುಕ್ತವಾಗಿರಬೇಕು, ಯಾವ ಕೆಲಸಕ್ಕ ಅಂತ ನಿರ್ದಿಷ್ಟ ಇರಬೇಕು, ತಿಳಿಸಿ ಕೇಳಿರಬೇಕು ಅಂತ ಅದು ಹೇಳ್ತದ. ‘ಎಲ್ಲಾ ಎಲೆಕ್ಟ್ರಾನಿಕ್ ದಾಖಲೆ, ಎಲ್ಲಾ ಉದ್ದೇಶಕ್ಕ’ ಅನ್ನೋ ಒಂದು ಸಾಲು ಈ ಅಳತಿಗೆ ಕೂಡೂದು ಕಷ್ಟ.

ಸರ್ವೇ_ಡೈರಿ
ಸರ್ವೇ ಕೆಲಸದ ಕಡೆಯಿಂದ ಒಂದು ಮಾತು. ಪಾಲಿಸಿಯ ಷರತ್ತಿನಲ್ಲಿ ‘ವಾಹನ ತಪಾಸಣೆಗೆ ಸಹಕರಿಸಬೇಕು’ ಅಂತ ಇರುತ್ತದೆ. ಒಪ್ಪಿಗೆ ಕೊಡುವುದೇ ಇಲ್ಲ ಅಂತ ಕೂತರೆ ಕ್ಲೇಮ್ ತಡವಾಗುತ್ತದೆ. ಅದರ ಬದಲು ಒಪ್ಪಿಗೆಯನ್ನು ಚಿಕ್ಕದು ಮಾಡಿ. ಅದೇ ಕಾಗದದಲ್ಲಿ ಪೆನ್ನಿನಿಂದ ಬರೆಯಿರಿ: ಏರ್‌ಬ್ಯಾಗ್ ಮಾಡ್ಯೂಲಿನ ಡಿಕ್ಕಿ ದಾಖಲೆ ಮಾತ್ರ, ಈ ಕ್ಲೇಮ್ ನಂಬರಿಗೆ ಮಾತ್ರ, ಓದುವಾಗ ನಾನು ಅಥವಾ ನನ್ನ ಪ್ರತಿನಿಧಿ ಹಾಜರಿರಬೇಕು, ಪೂರ್ತಿ ವರದಿಯ ಪ್ರತಿ ನನಗೂ ಕೊಡಬೇಕು. ಪಕ್ಕದಲ್ಲಿ ಸಹಿ, ತಾರೀಖು. ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

‘ಪೂರ್ತಿ ವರದಿ’ ಅನ್ನುವ ಪದ ಬಿಡಬೇಡಿ. ವೇಗದ ಒಂದು ಸಾಲು ಕತ್ತರಿಸಿ ಕೊಟ್ಟರೆ ಉಪಯೋಗವಿಲ್ಲ. ‘ದಾಖಲೆ ಪೂರ್ಣವಾಗಿ ಬರೆಯಲ್ಪಟ್ಟಿದೆಯೇ’ ಅಂತ ಒಂದು ಸಾಲು ವರದಿಯಲ್ಲೇ ಇರುತ್ತದೆ. ಡಿಕ್ಕಿಯಲ್ಲಿ ಬ್ಯಾಟರಿ ವೈರು ಹರಿದು ಕರೆಂಟು ಹೋದರೆ ಅಲ್ಲಿ ‘ಇಲ್ಲ’ ಅಂತ ಬರುತ್ತದೆ. ಆಗ ಉಳಿದ ಅಂಕಿಗಳನ್ನೂ ಅನುಮಾನದಿಂದಲೇ ನೋಡಬೇಕು.

ಓದುವ ಉಪಕರಣದ ಮಾತು ಬೇರೆ. ಬಾಷ್ ಸಿಡಿಆರ್ ಥರದ್ದು ಬೇಕು, ಅದರ ಪಟ್ಟಿಯಲ್ಲಿ ನಿಮ್ಮ ಮಾಡೆಲ್, ವರ್ಷ, ಮಾರಾಟವಾದ ಪ್ರದೇಶ ಮೂರೂ ಇರಬೇಕು. ಇಲ್ಲದಿದ್ದರೆ ಕಂಪನಿಯ ಮೂಲಕವೇ ಹೋಗಬೇಕು. ಮೂಲೆ ಗ್ಯಾರೇಜಿನ ಸ್ಕ್ಯಾನರ್‌ನಲ್ಲಿ ಬರುವುದು ಫಾಲ್ಟ್ ಕೋಡ್ ಮತ್ತು ಫ್ರೀಜ್ ಫ್ರೇಮ್ (ದೋಷ ಕಂಡ ಕ್ಷಣದ ಇಂಜಿನ್ ಅಂಕಿಗಳು). ಅದು ಇಡಿಆರ್ ಅಲ್ಲ. ಅದನ್ನು ತೋರಿಸಿ ‘ನಿಮ್ಮ ವೇಗ ಇಷ್ಟಿತ್ತು’ ಅಂದರೆ ನಂಬಬೇಡಿ.

ಕುಂದಾ_ಪ್ರಿಯ
ಆ ಒಪ್ಪಿಗೆ ಕಾಗದ ಇಂಗ್ಲಿಷ್‌ದಾಗ ಸಣ್ಣಕ್ಷರದಾಗ ಇರತೈತಿ. ‘ತಿಳಿಸಿ ಕೇಳೂದು’ ಅಂದ್ರ ಯಾವ ಭಾಷಾದಾಗ ತಿಳಿಸೂದು?

ಗುಮ್ಮಟದ_ಮಾರ್ದನಿ
ಒಳ್ಳೇ ಪ್ರಶ್ನೆ. ಇಂಗ್ಲಿಷ್ ಇಲ್ಲಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷಾದಾಗ ಯಾವುದರೆ ಆರಿಸಿಕೊಂಡು ಓದೋ ಅವಕಾಶ ಕೊಡಬೇಕು ಅಂತ ಅದೇ ಕಾಯ್ದೆಯೊಳಗ ಅದ. ಕನ್ನಡದಾಗ ಕೇಳ್ರಿ.

ಕುಂದಾ_ಪ್ರಿಯ
22ರಾಗ ಮರಾಠಿನೂ ಐತಿ. ಬೆಳಗಾವಿಯಾಗ ಈ ಮಾತು ಎತ್ತಿದ್ರ ಥ್ರೆಡ್ಡಿಗೆ ಬೀಗ ಬೀಳತೈತಿ 😄

ನಿಯಂತ್ರಕ
ಬೀಗ ತಯಾರಿದೆ. ವಿಷಯಕ್ಕೆ ಬನ್ನಿ.

ಕೆಎ28_ಹಳದಿಬೋರ್ಡ್
ನೀವು 5 ಸೆಕೆಂಡಿಗೆ ಇಷ್ಟು ಜಗಳಾಡ್ತೀರಿ. ಹಳದಿ ಬೋರ್ಡಿನ ಗಾಡಿಗೆ ಎಐಎಸ್-140 ಟ್ರ್ಯಾಕರ್ (ಗಾಡಿ ಎಲ್ಲದ ಅಂತ ತೋರಿಸೋ ಜಿಪಿಎಸ್ ಯಂತ್ರ) ಹಾಕ್ಸಿ ದಿನಾ ಪೂರ್ತಿ ನೋಡ್ತಾರ, ಅದನ್ನ ಯಾರೂ ಕೇಳಂಗಿಲ್ಲ. ಒಳಗ ಸಿಮ್ ಅದ, ಪ್ಯಾನಿಕ್ ಬಟನ್ ಅದ, ನೆಟ್‌ವರ್ಕ್ ಇಲ್ಲಂದ್ರ 40,000 ಜಾಗದ ಲೆಕ್ಕ ಒಳಗ ಇಟ್ಕೊಂಡು ಆಮ್ಯಾಲೆ ಕಳಿಸ್ತದ. ಬ್ಯಾಟರಿ ವೈರ್ ಕಿತ್ತಿದ್ರೂ ತನ್ನ ಸ್ವಂತ ಬ್ಯಾಟರಿ ಮ್ಯಾಲೆ 4 ತಾಸು ನಡೀತದ.

ಬಿಟ್ಟು_ಬೈಟು
ಖಾಸಗಿತನದ ಲೆಕ್ಕದಲ್ಲಿ ಇಡಿಆರ್ ಬಹಳ ಬಡಪಾಯಿ, ಇದನ್ನೇ ನಾನೂ ಹೇಳಬೇಕು ಅಂತಿದ್ದೆ. ನಿಮ್ಮನ್ನ ನಿಜವಾಗಿ ಬಲ್ಲದ್ದು ಬೇರೆ. ಇ-ಸಿಮ್ ಇರೋ ಕನೆಕ್ಟೆಡ್ ಕಾರಿನ ಆ್ಯಪ್‌ಗೆ ಪ್ರತಿ ಪ್ರಯಾಣ ಗೊತ್ತು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಸಾಕೆಟ್‌ಗೆ ಚುಚ್ಚೋ ವಿಮಾ ಡಾಂಗಲ್‌ಗೆ ಪ್ರತಿ ಜೋರು ಬ್ರೇಕ್ ಗೊತ್ತು. 16ನೇ ಪಿನ್ನಿಗೆ ಸದಾ ಬ್ಯಾಟರಿ ಕರೆಂಟು, ಗಾಡಿ ಬಂದ್ ಇದ್ದಾಗಲೂ ಅದು ಎಚ್ಚರ. ‘ಹೆಂಗ ಓಡಿಸ್ತೀರೋ ಹಂಗ ಪ್ರೀಮಿಯಂ’ ಅನ್ನೋ ಆ್ಯಡ್-ಆನ್‌ಗೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2022ರ ಜುಲೈನಲ್ಲೇ ಒಪ್ಪಿಗೆ ಕೊಟ್ಟಿದೆ. ಫಾಸ್ಟ್ಯಾಗ್‌ಗೆ ನೀವು ಹತ್ತರಗಿ ಟೋಲ್ ಯಾವಾಗ ದಾಟಿದ್ರಿ, ಕೊಗನೊಳ್ಳಿ ಯಾವಾಗ ದಾಟಿದ್ರಿ ಗೊತ್ತು.

ಆಫ್ ಮಾಡೂದಾದರೆ ಡಾಂಗಲ್ ಮತ್ತು ಆ್ಯಪ್ ಆಫ್ ಮಾಡಿ. ಇಡಿಆರ್ ಆಫ್ ಮಾಡೋ ಸ್ವಿಚ್ ಇಲ್ಲ. ಏರ್‌ಬ್ಯಾಗ್ ಮಾಡ್ಯೂಲ್ ಫ್ಯೂಸ್ ಕಿತ್ತರೆ ಏರ್‌ಬ್ಯಾಗೂ ಹೋಗ್ತದೆ. ಯೂಟ್ಯೂಬ್ ನೋಡಿ ಆ ಕೆಲಸ ಮಾಡಬೇಡಿ.

ಇಳಕಲ್_ಸೆರಗು
ಮಾಲಕರು ಒಬ್ಬರು, ಓಡಿಸೋ ಡ್ರೈವರ್ ಇನ್ನೊಬ್ಬ ಇದ್ರ? ಅಮೆರಿಕದ ಕಾಯ್ದೆನೂ ‘ಮಾಲಕ’ ಅಂತದ, ಡ್ರೈವರ್ ಅನ್ನಂಗಿಲ್ಲ. ಹೆಸರು ನೋಡಿದ್ರ ಡ್ರೈವರ್ ಪ್ರೈವಸಿ ಆಕ್ಟ್! ಮಾಲಕರು ಸಹಿ ಹಾಕಿ ಕೊಟ್ಬಿಟ್ರ ಬಡ ಡ್ರೈವರಿನ ಕಾಲು ಬ್ರೇಕಿನ ಮ್ಯಾಲಿತ್ತೋ ಇಲ್ಲೋ ಅನ್ನೂದು ಅವನನ್ನ ಕೇಳದನ ಹೊರಗ ಬೀಳ್ತದ.

ಗುಮ್ಮಟದ_ಮಾರ್ದನಿ
ತಂಗಿ ಸರಿಯಾದ ಜಾಗಕ್ಕ ಕೈ ಇಟ್ಟಾಳ. ನಮ್ಮ 2023ರ ಕಾಯ್ದೆಯಾಗ ಲೆಕ್ಕ ಬ್ಯಾರೆ: ದತ್ತಾಂಶದಿಂದ ಯಾವ ವ್ಯಕ್ತಿಯ ಗುರುತು ಸಿಗ್ತದೋ ಅವನ ಹಕ್ಕು. ಆ ಹೊತ್ತಿನ್ಯಾಗ ಸ್ಟೀರಿಂಗ್ ಹಿಡದವ ಯಾರಂತ ಗೊತ್ತಿದ್ರ ಅದು ಅವನ ದತ್ತಾಂಶ ಅಂತ ವಾದ ಮಾಡಬಹುದು. ಆದ್ರ ಅಪರಾಧದ ತನಿಖೆಗೆ, ಕಾನೂನಿನ ಹಕ್ಕು ಸಾಧಿಸಲಿಕ್ಕೆ ಅದೇ ಕಾಯ್ದೆಯ 17ನೇ ಕಲಮಿನಾಗ ವಿನಾಯಿತಿ ಅದ. ಹಂಗಾಗಿ ಪೊಲೀಸರ ಮುಂದ ‘ಒಪ್ಪಿಗೆ ಇಲ್ಲ’ ಅನ್ನೂದು ನಡಿಯಂಗಿಲ್ಲ.

ಪೊಲೀಸರು ಗಾಡಿ ಜಪ್ತಿ ಮಾಡಬಹುದು, ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನ ಕೆಳಗ ದಾಖಲೆ ತಂದು ಹಾಜರು ಮಾಡ್ರಿ ಅನ್ನಬಹುದು. ‘ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಂಗಿಲ್ಲ, ಸಂವಿಧಾನದ 20(3)ನೇ ವಿಧಿ’ ಅಂತ ಕೆಲವರು ಅಂತಾರ. 1961ರ ಕಾಥಿ ಕಾಲು ಒಘಡ್ ತೀರ್ಪಿನಾಗ ಸುಪ್ರೀಂ ಕೋರ್ಟಿನ 11 ಮಂದಿ ನ್ಯಾಯಮೂರ್ತಿಗಳು ಬೆರಳಚ್ಚು, ಕೈಬರಹದ ಮಾದರಿ ಕೊಡೂದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂಗ ಅಲ್ಲ ಅಂದಾರ. ಬಾಯಿಂದ ಬಂದ ಮಾತು ಬ್ಯಾರೆ, ಬೆರಳಚ್ಚು ಬ್ಯಾರೆ. ಗಾಡಿಯ ಅಂಕಿ ಎರಡನೇ ಸಾಲಿಗೆ ಹತ್ತಿರ ಅಂತ ನನ್ನ ಅಭಿಪ್ರಾಯ.

ಬಿಗಿ ಹಿಡಿಯೂದು ಅಂದ್ರ ಇಲ್ಲಿ ಹಿಡೀರಿ: ಎಲೆಕ್ಟ್ರಾನಿಕ್ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರ ಬೇಕು. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಅಂದ್ರ ಎಲ್ಲಾರಿಗೂ ಗೊತ್ತು. ಈಗ ಎರಡು ಭಾಗ, ‘ಎ’ ಭಾಗ ದಾಖಲೆ ಕೊಡೋ ಪಕ್ಷದವರು, ‘ಬಿ’ ಭಾಗ ತಜ್ಞರು ತುಂಬಬೇಕು, ಹ್ಯಾಶ್ ಸಂಖ್ಯೆ (ಫೈಲ್ ತಿದ್ದಿಲ್ಲ ಅಂತ ತಾಳೆ ನೋಡೋ ಗುರುತು) ಬರೀಬೇಕು. ಆ ಪ್ರಮಾಣಪತ್ರ ಕಡ್ಡಾಯ ಅಂತ 2020ರಾಗ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳೇದ. ಹ್ಯಾಶ್ ಇಲ್ಲದ ಪ್ರಿಂಟ್‌ಔಟ್ ತಂದ್ರ ಅಲ್ಲೇ ತಡೀರಿ.

ಕಬ್ಬಿನ_ಗಾಡಿ
ವಕೀಲರು ಬಂದ್ರು ಅಂದ್ರ ಖರೆ ಮಾತು ಸಾಯತೈತಿ. ವೇಗ 79 ಅಂತ ಬಂತಂದ್ರ 79, ಇದರಾಗ ವಾದ ಮಾಡೂದೇನೈತಿ?

ಉದ್ಯಮಬಾಗ_ಸ್ಪ್ಯಾನರ್
ಐತಿ ಅಣ್ಣಾರ, ಭಾಳ ಐತಿ. ಆ ವೇಗ ರಸ್ತಾದ ವೇಗ ಅಲ್ಲ, ಗಾಲಿಯ ವೇಗ. ಕಂಪನಿ ಟಾಯರ್ 185/65 ಆರ್15 ತಗದು 205/65 ಆರ್15 ಹಾಕಿಸಿದ್ರ ಎತ್ತರ 621 ಮಿ.ಮೀ. ಇದ್ದದ್ದು 647 ಆಗತೈತಿ. ಗಾಲಿ ಕಡಿಮಿ ಸುತ್ತು ಹೊಡದು ಹೆಚ್ಚು ದೂರ ಹೋಗತೈತಿ, ಡಬ್ಬಿ 80 ಅಂತ ಬರದಾಗ ಗಾಡಿ ಖರೇ 83ರಾಗ ಇರತೈತಿ. ಉಲ್ಟಾನೂ ಆಗತೈತಿ: ಗಾಲಿ ಲಾಕ್ ಆಗಿ ಜಾರಿದ್ರ ಡಬ್ಬಿ ಕಡಿಮಿ ಬರೀತೈತಿ. ಇನ್ನ ಮೀಟರಿನ ಮುಳ್ಳು ಯಾವಾಗಲೂ ಸ್ವಲ್ಪ ಜಾಸ್ತಿ ತೋರಿಸೂ ಹಂಗ ಮಾಡಿರತಾರ, ಹಂಗಾಗಿ ಮುಳ್ಳು 85, ಡಬ್ಬಿ 80 ಅಂತ ಬಂದ್ರ ಯಾರೂ ಸುಳ್ಳು ಹೇಳಾಕತ್ತಿಲ್ಲ.

ಬ್ರೇಕ್ ‘ಆನ್’ ಅನ್ನೂದು ಪೆಡಲ್ ಹಿಂದಿನ ಸ್ವಿಚ್ಚಿಂದ ಬರತೈತಿ. ಕಾಲು ಇಟ್ರೂ ಆನ್, ಎದ್ದು ನಿಂತು ತುಳಿದ್ರೂ ಆನ್.

ಸರ್ವೇ_ಡೈರಿ
79ರ ಲೆಕ್ಕವನ್ನೇ ಬಿಡಿಸೋಣ. ಇದು ಯಾರ ಕೇಸೂ ಅಲ್ಲ, ವರದಿ ಹೇಗೆ ಓದಬೇಕು ಅಂತ ತೋರಿಸಲು ಕಟ್ಟಿದ ಉದಾಹರಣೆ. ಅರ್ಧ ಸೆಕೆಂಡಿಗೊಂದು ಸಾಲು, ಸೊನ್ನೆ ಅಂದರೆ ಡಿಕ್ಕಿ:

−2.0 ಸೆಕೆಂಡು: 79 ಕಿ.ಮೀ., ಆಕ್ಸಿಲರೇಟರ್ 18%, ಬ್ರೇಕ್ ಆಫ್
−1.5: 79, 18%, ಆಫ್
−1.0: 78, 0%, ಆಫ್
−0.5: 71, 0%, ಆನ್
0: 58, 0%, ಆನ್

ಅವಸರದಲ್ಲಿ ಓದಿದವರು ಏನನ್ನುತ್ತಾರೆ? ‘ಡಿಕ್ಕಿಗೆ ಒಂದು ಸೆಕೆಂಡ್ ಮುಂಚಿನವರೆಗೂ ಬ್ರೇಕ್ ಇಲ್ಲ, ನಿದ್ದೆಯಲ್ಲಿದ್ದ.’ ಈಗ ಹಿಂದಕ್ಕೆ ಎಣಿಸಿ. ಬ್ರೇಕ್ ಹತ್ತಿದ್ದು −1.0 ಮತ್ತು −0.5ರ ನಡುವೆ. ಎದುರಿಗಿದ್ದದ್ದು ಕಂಡು, ತಿಳಿದು, ಕಾಲು ಬ್ರೇಕಿಗೆ ಹೋಗಲು ಸುಮಾರು 1.5 ಸೆಕೆಂಡ್ ಬೇಕು. ಅಂದರೆ ಕಂಡದ್ದು −2.5ರ ಆಸುಪಾಸು. 79ರ ವೇಗಕ್ಕೆ ಸೆಕೆಂಡಿಗೆ 22 ಮೀಟರ್. ಆ 1.5 ಸೆಕೆಂಡಿಗೆ 33 ಮೀಟರ್, ಮುಂದಿನ ಅರ್ಧಕ್ಕೆ 10, ಕಡೇ ಅರ್ಧಕ್ಕೆ 9. ಒಟ್ಟು 52 ಮೀಟರ್.

ಡಿಪ್ ಲೈಟಿನಲ್ಲಿ ರಿಫ್ಲೆಕ್ಟರ್ ಇಲ್ಲದ ಮಸಿ ಬಣ್ಣದ ಕಬ್ಬಿನ ಹೊರೆ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ. ಅಂದರೆ ಈ ಡ್ರೈವರ್ ನಿದ್ದೆಯಲ್ಲಿರಲಿಲ್ಲ, ಕಂಡ ಕೂಡಲೇ ಕಾಲು ತೆಗೆದಿದ್ದಾನೆ. ರಿಫ್ಲೆಕ್ಟರ್ ಪಟ್ಟಿ ಇದ್ದಿದ್ದರೆ ಅದರ ಎರಡು ಮೂರು ಪಟ್ಟು ದೂರದಲ್ಲೇ ಹೊಳೆಯುತ್ತಿತ್ತು. ಅದೇ ಅಂಕಿ, ಎರಡು ಅರ್ಥ. ಯಾವುದು ನಿಲ್ಲುತ್ತದೆ ಅನ್ನುವುದು ಟ್ರೇಲರಿನ ಹಿಂಭಾಗದ ಫೋಟೊ ಮೇಲೆ ನಿಂತಿದೆ. ಬೆಳಗಾಗುವುದರೊಳಗೆ ಟ್ರೇಲರಿಗೆ ಹೊಸ ಪಟ್ಟಿ ಅಂಟಿರಬಹುದು. ಅದಕ್ಕೇ ಸ್ಥಳ ಪಂಚನಾಮೆಯಲ್ಲಿ ‘ಹಿಂಬದಿ ರಿಫ್ಲೆಕ್ಟರ್ ಇಲ್ಲ’ ಅನ್ನುವ ಸಾಲು ಬರೆಸಿ, ಫ್ಲ್ಯಾಶ್ ಹಾಕಿ ಒಂದು, ಹಾಕದೆ ಒಂದು ಫೋಟೊ ತೆಗೆಯಿರಿ. ಪಟ್ಟಿ ಇದ್ದರೆ ಫ್ಲ್ಯಾಶಿಗೆ ಬೆಳ್ಳಗೆ ಉರಿಯುತ್ತದೆ, ಇಲ್ಲದಿದ್ದರೆ ಕತ್ತಲೆ.

ಕಬ್ಬಿನ_ಗಾಡಿ
ಹೊರೆ ಕಟ್ಟಿದ ಮ್ಯಾಲೆ ಕಬ್ಬಿನ ಸೋಗೆ ಇಳಿಬಿದ್ದು ಪಟ್ಟಿ ಮುಚ್ಚತೈತಿ, ಅದೂ ಖರೆ. ಪಟ್ಟಿ ಹಾಕಿದ್ರೂ ಕಾಣೂದಿಲ್ಲ. ಕೆಳಗಿನ ಕಬ್ಬಿಣದ ಅಡ್ಡ ಪಟ್ಟಿಗೆ ಹಚ್ಚಬೇಕು, ಡಾಲಾಕ್ಕ ಅಲ್ಲ. ಇಷ್ಟು ಒಪ್ಪತೀನಿ. ಆದ್ರ 79 ಆ ರಸ್ತಾಕ್ಕ ಜಾಸ್ತಿನ.

ಕುಂದಾ_ಪ್ರಿಯ
ಕಬ್ಬಿನಣ್ಣ ಒಪ್ಪಿದ. ಎಲ್ಲಾರೂ ಸ್ಕ್ರೀನ್‌ಶಾಟ್ ತಗೀರಿ.

ಆಲಮಟ್ಟಿ_ಹಿನ್ನೀರು
ಭಾಳ ಉಪಕಾರ್ರಿ. ಈಗ ಡಿಕ್ಕಿ ಆದ ಕೂಡ್ಲೆ ಡಬ್ಬಿ ಉಳಿಸಿಕೊಳ್ಳಾಕ ಏನ್ ಮಾಡಬೇಕು, ಅದನ್ನ ಒಬ್ಬರು ಸರಿಯಾಗಿ ಹೇಳ್ರಿ.

ಉದ್ಯಮಬಾಗ_ಸ್ಪ್ಯಾನರ್
ಮೊದಲು ಮಂದಿ, ಆಮ್ಯಾಲೆ ಡಬ್ಬಿ. ಗಾಯಾಳು ಹೊರಗ ಬಂದ ಮ್ಯಾಲಿನ ಮಾತು ಇದು.

ಕೀಲಿ ಬಂದ್ ಮಾಡ್ರಿ. ‘ಚಾಲೂ ಆಗತೈತೇನು ನೋಡೂಣು’ ಅಂತ ಮತ್ತ ಮತ್ತ ತಿರುವಬ್ಯಾಡ್ರಿ, ಒಂದೊಂದು ಸಲಕ್ಕೂ ಕೀಲಿ ಎಣಿಕೆ ಏರತೈತಿ. ಕ್ರೇನ್ ಬರೂಕಿಂತ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸ್ರಿ, 10 ನಂಬರ್ ಪಾನಾ ಸಾಕು ಬಹುತೇಕ ಗಾಡಿಗೆ. ದಾಖಲೆ ಇರೂ ಚಿಪ್ಪಿಗೆ ಕರೆಂಟು ಬೇಕಾಗಿಲ್ಲ, ಬ್ಯಾಟರಿ ತಗದ್ರ ಅಳಿಸೂದಿಲ್ಲ. ಕೀಲಿ ಆನ್ ಬಿಟ್ಟು ಕ್ರೇನಿನವ ದಪ್ಪಂತ ಇಳಿಸಿದ್ರ, ಬೀಗ ಬೀಳದ ದಾಖಲೆಯ ಮ್ಯಾಲೆ ಹೊಸದು ಬರಿಯೂ ಸಂಭವ ಐತಿ, ಅದಕ್ಕ ಈ ಎಚ್ಚರಿಕಿ.

ಡಬ್ಬಿ ನೀವು ಬಿಚ್ಚಬ್ಯಾಡ್ರಿ. ಒಳಗ ಕೆಪ್ಯಾಸಿಟರ್ ಇರತೈತಿ, ಬ್ಯಾಟರಿ ತಗದ ಮ್ಯಾಲೂ ಒಂದಿಷ್ಟು ಹೊತ್ತು ಏರ್‌ಬ್ಯಾಗ್ ಹಾರಿಸುವಷ್ಟು ಶಕ್ತಿ ಅದರಾಗ ಉಳಿದಿರತೈತಿ. ಬಿಚ್ಚೂ ಮೆಕ್ಯಾನಿಕ್ ಕೂಡ ಸರ್ವಿಸ್ ಪುಸ್ತಕ ಹೇಳಿದಷ್ಟು ನಿಮಿಷ ಕಾಯಬೇಕು.

ಗ್ಯಾರೇಜಿಗೆ ಹೋದ ಮ್ಯಾಲೆ ನಮ್ಮ ಕಡೆ ನಡಿಯೂದೇನು ಹೇಳ್ತೀನಿ. ಏರ್‌ಬ್ಯಾಗ್ ಬಿಚ್ಚಿದ ಮ್ಯಾಲೆ ಮಾಡ್ಯೂಲ್ ಬದಲಿ ಮಾಡಬೇಕು ಅಂತ ಕಂಪನಿ ಹೇಳತೈತಿ. ಹಳೇದು ಗುಜರಿ ಡಬ್ಬಿಗೆ. ರೊಕ್ಕ ಉಳಿಸೂ ಅಂಗಡಿಯಾಗ ಅದೇ ಮಾಡ್ಯೂಲಿನ ಚಿಪ್ಪು ಕ್ಲಿಪ್ ಹಚ್ಚಿ ಓದಿ, ‘ಕ್ರ್ಯಾಶ್ ಡೇಟಾ ಕ್ಲಿಯರ್’ ಅಂತ ಹೊಸ ಫೈಲ್ ಬರದು ವಾಪಸ್ ಕೂಡಸ್ತಾರ. ಎರಡರಾಗ ಯಾವುದು ಆದ್ರೂ ನಿಮ್ಮ ಸಾಕ್ಷಿ ಹೋತು. ಖಾಸಗಿತನ ಖಾಸಗಿತನ ಅಂತ ಇಲ್ಲಿ ಹೊಡೆದಾಡತೀವಿ, ಅಲ್ಲಿ ಯಾರೂ ಓದದನ ಗುಜರಿಗೆ ಹೋಗಿರತೈತಿ!

ಅದಕ್ಕ ಜಾಬ್ ಕಾರ್ಡಿನ್ಯಾಗ ಬರೆಸ್ರಿ: ‘ಏರ್‌ಬ್ಯಾಗ್ ಮಾಡ್ಯೂಲ್ ಒರೆಸಬಾರದು, ಮರುಬರಹ ಮಾಡಬಾರದು, ಬಿಚ್ಚಿದ್ದನ್ನ ಎತ್ತಿ ಇಡಬೇಕು.’ ಬಿಚ್ಚಿದ ಕೂಡ್ಲೆ ಲೇಬಲ್ ಫೋಟೊ, ಪಾರ್ಟ್ ನಂಬರ್ ಮತ್ತ ಸೀರಿಯಲ್ ನಂಬರ್ ಕಾಣೂ ಹಂಗ.

ಸರ್ವೇ_ಡೈರಿ
ಒಂದು ತಿದ್ದುಪಡಿ. ಕ್ಲೇಮಿನಲ್ಲಿ ಬದಲಾಯಿಸಿದ ಹಳೇ ಭಾಗ ವಿಮಾ ಕಂಪನಿಗೆ ಸೇರುತ್ತದೆ, ಹಾಗಾಗಿ ‘ವಾಪಸ್ ಕೊಡಿ’ ಅಂದರೆ ಜಗಳ. ‘ಕ್ಲೇಮ್ ಮತ್ತು ಕೇಸು ಮುಗಿಯುವವರೆಗೆ ಕಾಯ್ದಿರಿಸಿ’ ಅನ್ನಿ. ಅದೇ ಸಾಲನ್ನು ವಿಮಾ ಕಂಪನಿಗೂ ಇ-ಮೇಲ್ ಮಾಡಿ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ನಮೂದಾದ ಗಾಡಿ ಬೆಲೆಯ) 75% ದಾಟಿದರೆ ಟೋಟಲ್ ಲಾಸ್ ಆಗಿ ಗಾಡಿ ಹಾಗೇ ಹರಾಜಿಗೆ ಹೋಗುತ್ತದೆ, ಡಬ್ಬಿಯ ಸಮೇತ. ಹರಾಜಿಗೆ ಮುಂಚೆಯೇ ಬರೆಯಿರಿ.

ಇಳಕಲ್_ಸೆರಗು
ಟೋಟಲ್ ಲಾಸ್ ಗಾಡಿಯ ಸ್ಕ್ರೀನಿನಾಗ ಮನಿ ವಿಳಾಸ, ಫೋನಿನ ಎಲ್ಲಾ ನಂಬರು ಹಂಗ ಉಳಿದಿರ್ತಾವಲ್ಲ?

ಬಿಟ್ಟು_ಬೈಟು
ಉಳಿದಿರ್ತವೆ. ಬ್ಲೂಟೂತ್‌ನಲ್ಲಿ ‘ಕಾಂಟ್ಯಾಕ್ಟ್ ಹಂಚಲೇ?’ ಅಂದಾಗ ಹೌದು ಅಂದಿದ್ದರೆ ಪೂರ್ತಿ ಪಟ್ಟಿ ಸ್ಕ್ರೀನಿನ ಮೆಮೊರಿಯಲ್ಲಿ. ಸ್ಕ್ರೀನ್ ಚಾಲೂ ಆಗ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ. ಆದರೆ ಡಬ್ಬಿ ಓದಿಸಿ ಆದ ಮೇಲೆ, ಯಾಕೆಂದರೆ ರೀಸೆಟ್‌ಗೆ ಬ್ಯಾಟರಿ ಹಚ್ಚಿ ಕೀಲಿ ತಿರುವಬೇಕು. ಕೇಸು ಇದ್ದರೆ ವಕೀಲರನ್ನ ಕೇಳಿಯೇ ಮಾಡಿ, ಸಾಕ್ಷಿ ನಾಶ ಅಂತ ಆಗಬಾರದು. ಆ್ಯಪ್‌ನಲ್ಲಿ ಗಾಡಿಯನ್ನ ‘ರಿಮೂವ್’ ಮಾಡಿ, ಬರೀ ಆ್ಯಪ್ ಅಳಿಸಿದರೆ ಸಾಲದು. ಗ್ಲೋವ್ ಬಾಕ್ಸಿನ ಪೆನ್ ಡ್ರೈವ್, ಡ್ಯಾಶ್‌ಕ್ಯಾಮ್ ಕಾರ್ಡ್ ಮರೀಬೇಡಿ.

ಕೆಎ28_ಹಳದಿಬೋರ್ಡ್
ಡ್ಯಾಶ್‌ಕ್ಯಾಮ್ ಅಂದ್ರಿ ಅಂತ: ವಿಜಯಪುರದ ಬಿಸಿಲಿಗೆ ಲಿಥಿಯಂ ಬ್ಯಾಟರಿದು ತಗೋಬ್ಯಾಡ್ರಿ, ಬಂದ್ ಗಾಡಿಯ ಗಾಜಿನ ಹಿಂದ ಉಬ್ಬಿ ಹೋಗ್ತದ. ಕೆಪ್ಯಾಸಿಟರ್ ಇದ್ದದ್ದು ತಗೋರಿ. ಕಾರ್ಡ್ ‘ಹೈ ಎಂಡ್ಯುರೆನ್ಸ್’ ಇರ್ಲಿ. ಡಿಕ್ಕಿ ಆದ ಕೂಡ್ಲೆ ಕಾರ್ಡ್ ತಗೀರಿ, ಇಲ್ಲಂದ್ರ ಲೂಪ್ ತಿರುಗಿ ಅದರ ಮ್ಯಾಲೇ ಬರೀತದ. ಪ್ರಯಾಣಿಕರು ಕೂಡೋ ಗಾಡಿಯಾಗ ಆಡಿಯೊ ಬಂದ್ ಇಡ್ರಿ.

ಕಬ್ಬಿನ_ಗಾಡಿ
ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಾವ್ರು ಈ ‘ಕ್ಲಿಯರ್’ ಮಾಡಿದ್ದನ್ನ ಹೆಂಗ ಹಿಡೀಬೇಕು?

ಉದ್ಯಮಬಾಗ_ಸ್ಪ್ಯಾನರ್
ಕೀಲಿ ಆನ್ ಮಾಡಿ ಏರ್‌ಬ್ಯಾಗ್ ದೀಪ ನೋಡ್ರಿ. ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತೇ ಇಲ್ಲಂದ್ರ ದೀಪ ಕಿತ್ತಾರ. ಹತ್ತಿ ಆರಿದ್ರೂ ಪೂರ್ತಿ ನಂಬಬ್ಯಾಡ್ರಿ, ಏರ್‌ಬ್ಯಾಗ್ ಜಾಗದಾಗ ಎರಡು-ಮೂರು ಓಮ್‌ನ ರೆಸಿಸ್ಟರ್ ಹಾಕಿ ಮಾಡ್ಯೂಲಿಗೆ ಟೋಪಿ ಹಾಕೂ ಮಂದಿ ಅದಾರ. ಬೆಲ್ಟ್ ಪೂರ್ತಿ ಎಳದು ಬಿಡ್ರಿ, ಪ್ರಿಟೆನ್ಷನರ್ (ಡಿಕ್ಕಿಯಾಗ ಬೆಲ್ಟ್ ಬಿಗಿ ಮಾಡೋ ಸಾಧನ) ಹಾರಿದ್ದು ಸರಾಗ ವಾಪಸ್ ಹೋಗೂದಿಲ್ಲ. ಡ್ಯಾಶ್‌ಬೋರ್ಡಿನ ಎಡಕ ಏರ್‌ಬ್ಯಾಗ್ ಮುಚ್ಚಳದ ಗೆರಿ, ಬಣ್ಣ ಸುತ್ತಲಿನಕ್ಕ ಹೊಂದಬೇಕು.

ಆಲಮಟ್ಟಿ_ಹಿನ್ನೀರು
ಹಂಗಾರ ಇ-ಮೇಲ್ ಹಿಂಗ ಬರದ್ರ ನಡಿತೈತೇನ್ರಿ: ‘ಈ ಕ್ಲೇಮಿಗೆ ಸಂಬಂಧಿಸಿದ ನನ್ನ ಕಾರಿನ ಏರ್‌ಬ್ಯಾಗ್ ಡಬ್ಬಿಯನ್ನು ಕ್ಲೇಮ್ ಮತ್ತು ಕೇಸು ಮುಗಿಯುವವರೆಗೆ ಒರೆಸದೆ, ಬದಲಿಸದೆ ಕಾಯ್ದಿರಿಸಬೇಕು. ಓದುವಾಗ ನನಗೆ ಮುಂಚಿತವಾಗಿ ತಿಳಿಸಬೇಕು, ಪೂರ್ತಿ ವರದಿಯ ಪ್ರತಿ ಕೊಡಬೇಕು.’

ಗುಮ್ಮಟದ_ಮಾರ್ದನಿ
ನಡೀತದ. ‘ಡಬ್ಬಿ’ ಮಾತ್ರ ತಗೀರಿ, ಕೋರ್ಟಿನಾಗ ಅದು ಊಟದ ಡಬ್ಬಿ ಅಂತ ವಾದ ಮಾಡೋರು ಅದಾರ. ‘ಏರ್‌ಬ್ಯಾಗ್ ನಿಯಂತ್ರಣ ಮಾಡ್ಯೂಲ್’ ಅಂತ ಬರದು ಮುಂದ ಪಾರ್ಟ್ ನಂಬರು, ಸೀರಿಯಲ್ ನಂಬರು, ಚಾಸಿ ನಂಬರು ಹಾಕ್ರಿ.